ಸ್ಟ್ಯಾನ್‌ಫರ್ಡ್ ಆವರಣದ ಉದ್ಯಾನಗಳು ಮತ್ತು ಕ್ಯಾಂಟರ್ ಕಲಾ ಸಂಗ್ರಹಾಲಯ: ಒಂದು ದಿನದಲ್ಲಿ ನೋಡಿ ಬರೆಯುವ ಬಗೆ

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ ಕ್ಯಾಂಟರ್ ಕಲಾ ಸಂಗ್ರಹಾಲಯವಿದೆ. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಒಂದು ಹಳೆಯ ಕಳ್ಳಿ ತೋಟ, ಫ್ರೆಂಚ್ ಶಿಲ್ಪಿ ಒಗುಸ್ತ್ ರೊಡಾನನ ಕಂಚಿನ ಕೃತಿಗಳ ಉದ್ಯಾನ ಮತ್ತು ಪಪುವಾ ನ್ಯೂಗಿನಿಯ ಕೆತ್ತನೆಗಾರರು ಇಲ್ಲಿಗೇ ಬಂದು ಕೆತ್ತಿದ ಶಿಲ್ಪಗಳ ಉದ್ಯಾನ ಇವೆ. ಇವುಗಳಲ್ಲಿ ಯಾವುದಕ್ಕೂ ಪ್ರವೇಶ ಶುಲ್ಕವಿಲ್ಲ. ಸ್ಯಾನ್ ಹೋಸೆ, ಸನ್ನಿವೇಲ್, ಫ್ರೀಮಾಂಟ್ ಕಡೆ ನೆಲೆಸಿರುವ ಕನ್ನಡ ಕುಟುಂಬಗಳು ಊರಿನಿಂದ ಬಂದ ಹಿರಿಯರನ್ನು ಈ ವಿಶ್ವವಿದ್ಯಾಲಯಕ್ಕೆ ಕರೆತರುವುದುಂಟು. ಆದರೆ ಹೆಚ್ಚಿನವರು ತಾಳೆ ಮರಗಳ ಸಾಲಿನ ರಸ್ತೆಯಲ್ಲಿ ಬಂದು, ನಡುವಣ ಚೌಕದ ಚರ್ಚಿನ ಮುಂದೆ ಫೋಟೊ ತೆಗೆಸಿಕೊಂಡು, ಸಂಗ್ರಹಾಲಯದ ಕಡೆಗೆ ತಿರುಗದೆಯೇ ಹೊರಟುಬಿಡುತ್ತಾರೆ.

ಓದಲೆಂದು ಈ ಭಾಗಕ್ಕೆ ಬಂದ ವಿದ್ಯಾರ್ಥಿಯಾಗಿ ನಾನು ಈ ಜಾಗಗಳನ್ನು ಬೇರೆ ಬೇರೆ ಋತುಗಳಲ್ಲಿ ನೋಡಿದ್ದೇನೆ. ಕಲೆಯ ಇತಿಹಾಸ ನನ್ನ ಅಧ್ಯಯನದ ವಿಷಯವಲ್ಲ. ಆದರೂ ಇವುಗಳನ್ನು ಯಾವ ಕ್ರಮದಲ್ಲಿ ನೋಡುತ್ತೇವೆ ಎಂಬುದರ ಮೇಲೆ ನಮಗೆ ದಕ್ಕುವುದು ಬಹಳಷ್ಟು ನಿಂತಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಇಲ್ಲಿ ತೋಟವೂ ಸಂಗ್ರಹಾಲಯವೂ ಒಂದೇ ಕುಟುಂಬದ ಸಂಪತ್ತಿನಿಂದ ಹುಟ್ಟಿದವು. ಆ ಕುಟುಂಬದ ದುಃಖ ಅವೆರಡರ ಗತಿಯನ್ನೂ ಬದಲಿಸಿತು. ಎರಡು ಭೂಕಂಪಗಳು ಸಂಗ್ರಹಾಲಯವನ್ನು ಒಡೆದವು, ಬೇರೆಯವರು ಬಂದು ಅದನ್ನು ಮತ್ತೆ ಕಟ್ಟಿದರು, ತೀರ ದೂರದ ನಾಡಿನ ಕಲಾವಿದರು ಬಂದು ಅದರ ನೆರೆಯಲ್ಲಿ ತಮ್ಮದೊಂದು ಜಾಗವನ್ನು ಮಾಡಿಕೊಂಡರು. ಈ ಕಥೆ ನಡೆದ ಕ್ರಮದಲ್ಲೇ ಹೆಜ್ಜೆ ಹಾಕಿದರೆ ಹೊರಗಿನ ಶಿಲ್ಪಗಳೂ ಒಳಗಿನ ವಸ್ತುಗಳೂ ಒಂದನ್ನೊಂದು ವಿವರಿಸುತ್ತಾ ಹೋಗುತ್ತವೆ. ಮುಂದಿನ ಮಾರ್ಗದರ್ಶನ ಆ ಕ್ರಮವನ್ನು ಅನುಸರಿಸುತ್ತದೆ. ಶಾಲೆ ಕಾಲೇಜಿನಲ್ಲಿ ಭೇಟಿಯ ಅನುಭವ ಬರೆದುಕೊಡಬೇಕಾದ ವಿದ್ಯಾರ್ಥಿಗಳನ್ನೂ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಹೊರಡುವ ಮುನ್ನ

ಸಂಗ್ರಹಾಲಯ ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ. ಸಾಮಾನ್ಯವಾಗಿ ಸೋಮವಾರ ಮತ್ತು ಮಂಗಳವಾರ ಮುಚ್ಚಿರುತ್ತದೆ, ಉಳಿದ ದಿನಗಳಲ್ಲಿಯೂ ಬೆಳಗ್ಗೆ ತಡವಾಗಿ ತೆರೆಯುತ್ತದೆ. ವೇಳಾಪಟ್ಟಿ ಬದಲಾಗುತ್ತಿರುವುದರಿಂದ ಹಿಂದಿನ ದಿನವೇ ಸಂಗ್ರಹಾಲಯದ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಉದ್ಯಾನಗಳಿಗೆ ಬಾಗಿಲಿಲ್ಲ, ಆದ್ದರಿಂದ ಬೆಳಗಿನ ಹೊತ್ತನ್ನು ಹೊರಗೆ ಕಳೆದು ಆಮೇಲೆ ಒಳಗೆ ಹೋಗುವುದು ಅನುಕೂಲಕರವೂ ಹೌದು.

ರೈಲಿನಲ್ಲಿ ಬರುವುದಾದರೆ ಕ್ಯಾಲ್‌ಟ್ರೇನ್‌ನ ಪಾಲೊ ಆಲ್ಟೊ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ವಿಶ್ವವಿದ್ಯಾಲಯದ ಮಾರ್ಗರೀಟ್ ಎಂಬ ಉಚಿತ ಬಸ್ಸು ಸಿಗುತ್ತದೆ. ಆದರೂ ನಡೆಯಬಲ್ಲವರು ಪಾಮ್ ಡ್ರೈವ್ ರಸ್ತೆಯಲ್ಲಿ ನಡೆದೇ ಬರುವುದು ಒಳ್ಳೆಯದು, ಏಕೆಂದರೆ ನಮ್ಮ ಮೊದಲ ಎರಡು ತಾಣಗಳು ಆ ದಾರಿಯ ಬಲಗಡೆಯ ಮರಗಳ ನಡುವೆಯೇ ಇವೆ. ಕಾರಿನಲ್ಲಿ ಬರುವವರು ವಾರಾಂತ್ಯವನ್ನು ಆರಿಸಿಕೊಳ್ಳಲಿ. ವಾರದ ದಿನಗಳ ಹಗಲಿನಲ್ಲಿ ಪಾರ್ಕಿಂಗ್‌ಗೆ ಹಣ ಕೊಡಬೇಕಾಗುತ್ತದೆ. ಇಡೀ ಸುತ್ತಿಗೆ ನಾಲ್ಕೈದು ಕಿಲೋಮೀಟರ್ ನಡಿಗೆ ಬೀಳುತ್ತದೆ. ಮಂಡಿನೋವಿರುವ ಹಿರಿಯರು ಜೊತೆಯಲ್ಲಿದ್ದರೆ ಸಂಗ್ರಹಾಲಯ ಮತ್ತು ಅದಕ್ಕೆ ಅಂಟಿಕೊಂಡಿರುವ ರೊಡಾನ್ ಉದ್ಯಾನ, ಇವೆರಡನ್ನು ಮಾತ್ರ ಇಟ್ಟುಕೊಂಡರೂ ದಿನ ಸಾರ್ಥಕವೇ.

ನೀರು, ಟೋಪಿ, ಸಣ್ಣದೊಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಇರಲಿ. ಪೆನ್ಸಿಲ್ ಎಂದು ಬೇಕೆಂದೇ ಹೇಳುತ್ತಿದ್ದೇನೆ: ಕಲಾಕೃತಿಗಳ ಬಳಿ ಶಾಯಿಯ ಪೆನ್ನು ಹಿಡಿಯುವುದನ್ನು ಸಂಗ್ರಹಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ದೊಡ್ಡ ಬೆನ್ನುಚೀಲವನ್ನು ಒಳಗೆ ಕೊಂಡೊಯ್ಯಲು ಬಿಡದಿರಬಹುದು, ಫ್ಲ್ಯಾಶ್ ಬಳಸಿ ಫೋಟೊ ತೆಗೆಯುವಂತಿಲ್ಲ.

ಮೊದಲು ಕಳ್ಳಿ ತೋಟ, ಆಮೇಲೆ ಸಮಾಧಿ

ಪಾಮ್ ಡ್ರೈವ್‌ನಿಂದ ಬಲಕ್ಕೆ, ಓಕ್ ಮತ್ತು ನೀಲಗಿರಿ ಮರಗಳ ನಡುವೆ ಹೊರಳಿದರೆ ಅರಿಜೋನಾ ತೋಟ ಎಂದು ಕರೆಯುವ ಕಳ್ಳಿ ತೋಟ ಸಿಗುತ್ತದೆ. ಮುಂದೆ ಈ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಲೀಲಂಡ್ ಸ್ಟ್ಯಾನ್‌ಫರ್ಡ್ ಮತ್ತು ಜೇನ್ ಸ್ಟ್ಯಾನ್‌ಫರ್ಡ್ ದಂಪತಿಗಾಗಿ ರುಡಾಲ್ಫ್ ಉಲ್ರಿಕ್ ಎಂಬ ಉದ್ಯಾನ ವಿನ್ಯಾಸಕ ಇದನ್ನು 1880ರ ದಶಕದ ಆರಂಭದಲ್ಲಿ ರೂಪಿಸಿದ. ಇದರ ಪಕ್ಕದಲ್ಲಿ ಅವರು ಹೊಸ ಮನೆಯೊಂದನ್ನು ಕಟ್ಟಿಕೊಳ್ಳಬೇಕೆಂದಿದ್ದರು. ಮನೆ ಏಳಲೇ ಇಲ್ಲ, ತೋಟ ಉಳಿಯಿತು. ಮುಂದೆ ದಶಕಗಳ ಕಾಲ ನೋಡಿಕೊಳ್ಳುವವರಿಲ್ಲದೆ ಪೊದೆ ಬೆಳೆದು ಮುಚ್ಚಿಹೋಗಿದ್ದ ಇದನ್ನು 1997ರಿಂದ ಸ್ವಯಂಸೇವಕರು ಕಳೆ ಕಿತ್ತು, ಹಳೆಯ ಪಾತಿಗಳ ಕಲ್ಲಿನ ಅಂಚುಗಳನ್ನು ಹುಡುಕಿ ಹುಡುಕಿ ಮತ್ತೆ ತೋಟವನ್ನಾಗಿ ಮಾಡಿದ್ದಾರೆ.

ಇಲ್ಲಿ ಮಾಡಬೇಕಾದ ಕೆಲಸ ಒಂದೇ: ಗುರುತಿರುವ ಗಿಡವನ್ನು ಹುಡುಕಿ. ಕರ್ನಾಟಕದ ಬಯಲುಸೀಮೆಯಲ್ಲಿ ಬೆಳೆದವರಿಗೆ ಕತ್ತಾಳೆಯೂ ಪಾಪಾಸುಕಳ್ಳಿಯೂ ಹೊಲದ ಬೇಲಿಯ ಗಿಡಗಳು. ಕತ್ತಾಳೆಯ ನಾರಿನಿಂದ ಹಗ್ಗ ಹೊಸೆಯುವುದನ್ನು ನೋಡಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವೆರಡೂ ಮೂಲದಲ್ಲಿ ಅಮೆರಿಕ ಖಂಡದವು, ಕಡಲು ದಾಟಿ ನಮ್ಮಲ್ಲಿಗೆ ಬಂದವು. ಅವುಗಳ ತವರಿನ ಈ ಮಣ್ಣಿನಲ್ಲಿ, ಶ್ರೀಮಂತರ ಅಲಂಕಾರದ ತೋಟದೊಳಗೆ ಅವನ್ನು ನೋಡುವಾಗ, ಒಂದು ಕಡೆ ಬೇಲಿಯಾಗಿರುವ ಗಿಡ ಇನ್ನೊಂದು ಕಡೆ ಪ್ರದರ್ಶನದ ವಸ್ತುವಾಗುವುದು ಹೇಗೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಸಂಗ್ರಹಾಲಯದ ಒಳಗೆ ಇದೇ ಪ್ರಶ್ನೆಯನ್ನು ಬೇರೆ ವಸ್ತುಗಳಿಗೂ ಕೇಳಬೇಕಾಗುತ್ತದೆ.

ತೋಟದ ಹತ್ತಿರವೇ ಸ್ಟ್ಯಾನ್‌ಫರ್ಡ್ ಕುಟುಂಬದ ಸಮಾಧಿ ಮಂಟಪವಿದೆ. ಲೀಲಂಡ್, ಜೇನ್ ಮತ್ತು ಅವರ ಒಬ್ಬನೇ ಮಗ ಕಿರಿಯ ಲೀಲಂಡ್, ಮೂವರೂ ಇಲ್ಲಿದ್ದಾರೆ. 1868ರಲ್ಲಿ ಹುಟ್ಟಿದ ಆ ಹುಡುಗ ತಂದೆ ತಾಯಿಯೊಡನೆ ಯೂರೋಪ್ ಪ್ರವಾಸದಲ್ಲಿದ್ದಾಗ ವಿಷಮಶೀತ ಜ್ವರಕ್ಕೆ ತುತ್ತಾಗಿ 1884ರ ಮಾರ್ಚ್‌ನಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ತೀರಿಕೊಂಡ. ಆಗ ಅವನಿಗೆ ಹದಿನಾರು ವರ್ಷ ತುಂಬಿರಲಿಲ್ಲ. ಅವನಿಗೆ ಪ್ರಾಚೀನ ವಸ್ತುಗಳನ್ನು ಕೂಡಿಡುವ ಆಸಕ್ತಿ ಬಲವಾಗಿತ್ತು, ಮುಂದೊಂದು ದಿನ ಸಂಗ್ರಹಾಲಯ ಮಾಡಬೇಕೆಂಬ ಕನಸಿತ್ತು. ವಿಶ್ವವಿದ್ಯಾಲಯವೂ ಸಂಗ್ರಹಾಲಯವೂ ಅವನ ನೆನಪಿಗಾಗಿ ಹುಟ್ಟಿದವು. ಹತ್ತಿರದಲ್ಲೇ ಜೇನ್ ತನ್ನ ಸಹೋದರನಿಗಾಗಿ ನಿಲ್ಲಿಸಿದ ಸ್ಮಾರಕವಿದೆ: ರೆಕ್ಕೆಗಳನ್ನು ಇಳಿಬಿಟ್ಟು ಪೀಠದ ಮೇಲೆ ಮುಖ ಹುದುಗಿಸಿ ಅಳುತ್ತಿರುವ ಅಮೃತಶಿಲೆಯ ದೇವದೂತೆ. ಇಲ್ಲಿ ದನಿ ತಗ್ಗಿಸಿ ಮಾತಾಡಿ. ಇದು ಉದ್ಯಾನದ ಭಾಗದಂತೆ ಕಂಡರೂ ಸಮಾಧಿ ಸ್ಥಳ.

ಸಂಗ್ರಹಾಲಯದ ಒಳಗೆ

ಒಳಗೆ ಕಾಲಿಡುವ ಮೊದಲು ಕಟ್ಟಡವನ್ನು ಒಮ್ಮೆ ದೂರದಿಂದ ನೋಡಿ. ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದ ಮಾದರಿಯಲ್ಲಿ ಕಟ್ಟಿದ ಇದರ ಹಳೆಯ ಭಾಗ ಕಲ್ಲಿನದಲ್ಲ, ಒಳಗೆ ಕಬ್ಬಿಣದ ಸರಳುಗಳನ್ನಿಟ್ಟು ಹಾಕಿದ ಕಾಂಕ್ರೀಟಿನದು. ಆ ವಿಧಾನ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಅರ್ನೆಸ್ಟ್ ರಾನ್ಸಮ್ ಎಂಬ ಇಂಜಿನಿಯರ್ ಅದನ್ನು ಇಲ್ಲಿ ಬಳಸಿದ. 1894ರಲ್ಲಿ ಸಂಗ್ರಹಾಲಯ ತೆರೆಯಿತು. ಜೇನ್ ಮುಂದೆ ಇಟ್ಟಿಗೆಯ ದೊಡ್ಡ ಭಾಗಗಳನ್ನು ಸೇರಿಸಿದರು. 1906ರ ಭೂಕಂಪದಲ್ಲಿ ಆ ಇಟ್ಟಿಗೆಯ ಭಾಗಗಳು ಕುಸಿದವು, ಕಾಂಕ್ರೀಟಿನ ನಡುಭಾಗ ನಿಂತಿತು. 1989ರ ಅಕ್ಟೋಬರಿನಲ್ಲಿ ಲೋಮಾ ಪ್ರಿಯೇಟಾ ಭೂಕಂಪ ಮತ್ತೆ ಹಾನಿ ಮಾಡಿದ ಮೇಲೆ ಸಂಗ್ರಹಾಲಯ ಮುಚ್ಚಿಹೋಯಿತು. ದುರಸ್ತಿಯಾಗಿ, ಹೊಸ ಭಾಗ ಸೇರಿ, ಮುಖ್ಯ ದಾನಿಗಳಾದ ಕ್ಯಾಂಟರ್ ದಂಪತಿಯ ಹೆಸರಿನಲ್ಲಿ ಅದು ಮತ್ತೆ ತೆರೆದದ್ದು 1999ರಲ್ಲಿ.

ಒಳಗೆ ಎಲ್ಲವನ್ನೂ ನೋಡಲು ಹೋಗಬೇಡಿ. ಕೋಣೆಯಿಂದ ಕೋಣೆಗೆ ಬೇಗ ಬೇಗ ನಡೆದರೆ ಮನೆ ಸೇರುವ ಹೊತ್ತಿಗೆ ಒಂದು ಮುಖವೂ ನೆನಪಿನಲ್ಲಿ ಉಳಿದಿರುವುದಿಲ್ಲ. ಒಂದು ಸುತ್ತು ಸುಮ್ಮನೆ ನಡೆದು ಬನ್ನಿ, ಫಲಕಗಳನ್ನು ಓದಬೇಡಿ, ನಿಮ್ಮನ್ನು ನಿಲ್ಲಿಸಿದ ಮೂರು ವಸ್ತುಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಎರಡನೆಯ ಸುತ್ತಿನಲ್ಲಿ ಆ ಮೂರರ ಮುಂದೆ ಮಾತ್ರ ನಿಲ್ಲಿ. ಪ್ರತಿಯೊಂದರ ಮುಂದೆಯೂ ಹತ್ತು ನಿಮಿಷ ಕಳೆದ ಮೇಲೆ ಫಲಕವನ್ನು ಓದಿ. ಮೊದಲೇ ಓದಿದರೆ ಕಣ್ಣು ಫಲಕ ಹೇಳಿದ್ದನ್ನಷ್ಟೇ ಹುಡುಕುತ್ತದೆ.

ಪ್ರದರ್ಶನದಲ್ಲಿರುವ ವಸ್ತುಗಳು ಕಾಲಕಾಲಕ್ಕೆ ಬದಲಾಗುತ್ತವೆ. ಆದರೂ ಈ ಸಂಗ್ರಹದ ಮೂರು ವಸ್ತುಗಳು ಕಣ್ಣಿಗೆ ಬಿದ್ದರೆ ಬಿಡಬೇಡಿ.

ಒಂದು, ಚಿನ್ನದ ಮೊಳೆ. ಅಮೆರಿಕದ ಪೂರ್ವ ಪಶ್ಚಿಮಗಳನ್ನು ಬೆಸೆದ ರೈಲು ಹಳಿಗಳು 1869ರ ಮೇ 10ರಂದು ಯೂಟಾದ ಪ್ರಾಮಂಟರಿ ಎಂಬಲ್ಲಿ ಕೂಡಿದಾಗ, ಸೆಂಟ್ರಲ್ ಪೆಸಿಫಿಕ್ ರೈಲು ಕಂಪನಿಯ ಅಧ್ಯಕ್ಷರಾಗಿದ್ದ ಲೀಲಂಡ್ ಸ್ಟ್ಯಾನ್‌ಫರ್ಡ್ ಸಮಾರಂಭಕ್ಕಾಗಿ ಬಳಸಿದ್ದು ಇದನ್ನೇ. ಆ ಕೂಡಲೇ ಅದನ್ನು ತೆಗೆದು ಸಾಮಾನ್ಯ ಕಬ್ಬಿಣದ ಮೊಳೆ ಹೊಡೆದರು. ಮೊಳೆಯ ಮೈಮೇಲೆ ಕಂಪನಿಯ ಅಧಿಕಾರಿಗಳ ಹೆಸರುಗಳನ್ನು ಕೊರೆದಿದ್ದಾರೆ. ಸಿಯೆರಾ ನೆವಾಡಾ ಬೆಟ್ಟಗಳ ಗಟ್ಟಿ ಬಂಡೆಯಲ್ಲಿ ಸುರಂಗ ತೋಡಿದ, ಹಿಮಪಾತದಲ್ಲಿ ಸತ್ತ ಚೀನೀ ಕಾರ್ಮಿಕರ ಹೆಸರು ಅದರಲ್ಲಿ ಒಂದೂ ಇಲ್ಲ. ಈ ಹಳಿಗಾಗಿ ದುಡಿದ ಚೀನೀ ಕಾರ್ಮಿಕರು ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. ಇದೇ ಸ್ಟ್ಯಾನ್‌ಫರ್ಡ್ 1862ರಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯಪಾಲರಾದಾಗ ಚೀನೀ ವಲಸಿಗರ ವಿರುದ್ಧ ಮಾತಾಡಿದ್ದವರು. ನಾವು ನಡೆದು ಬಂದ ತೋಟ, ಸಮಾಧಿ, ಈ ಕಟ್ಟಡ ಎಲ್ಲಕ್ಕೂ ಆ ರೈಲಿನ ಹಣ ಸೇರಿದೆ. ಕೆಲಸಕ್ಕಾಗಿ, ಓದಿಗಾಗಿ ದೇಶ ಬಿಟ್ಟು ಬಂದಿರುವ ನಾವು ಈ ಮೊಳೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಎರಡು, ಓಡುವ ಕುದುರೆಯ ಛಾಯಾಚಿತ್ರಗಳು. ಈ ಆವರಣ ಒಂದು ಕಾಲದಲ್ಲಿ ಸ್ಟ್ಯಾನ್‌ಫರ್ಡರ ಕುದುರೆ ಸಾಕಣೆಯ ಹೊಲವಾಗಿತ್ತು. ಓಡುವ ಕುದುರೆಯ ನಾಲ್ಕೂ ಗೊರಸುಗಳು ಒಂದೇ ಕ್ಷಣದಲ್ಲಿ ನೆಲ ಬಿಡುತ್ತವೆಯೇ ಎಂಬುದನ್ನು ಕಂಡುಹಿಡಿಯಲು ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಇಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ಕುದುರೆಯ ಓಟಕ್ಕೇ ಅವು ಒಂದಾದ ಮೇಲೊಂದು ಚಾಲೂ ಆಗುವಂತೆ ತಂತಿ ಕಟ್ಟಿದ. ಬಿಡುತ್ತವೆ ಎಂದು ಚಿತ್ರಗಳು ತೋರಿಸಿದವು. ಚಲನಚಿತ್ರದ ಇತಿಹಾಸ ಹೇಳುವವರಲ್ಲಿ ಹಲವರು ಇಲ್ಲಿಂದ ಶುರುಮಾಡುತ್ತಾರೆ.

ಮೂರು, ರೂತ್ ಅಸಾವಾ ಅವರ ಮಣ್ಣಿನ ಮುಖಗಳು. ಜಪಾನಿ ಮೂಲದ ಈ ಅಮೆರಿಕನ್ ಕಲಾವಿದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹರೆಯದಲ್ಲೇ, ಕುಟುಂಬದೊಡನೆ ಬಂಧನ ಶಿಬಿರದಲ್ಲಿ ಇರಬೇಕಾಗಿ ಬಂದವರು. ಮುಂದೆ ದಶಕಗಳ ಕಾಲ ತಮ್ಮ ಮನೆಗೆ ಬಂದ ಗೆಳೆಯರ, ನೆಂಟರ, ಮಕ್ಕಳ ಮುಖಗಳ ಅಚ್ಚು ತೆಗೆದು ಸುಟ್ಟ ಮಣ್ಣಿನ ಮುಖವಾಡಗಳನ್ನು ಮಾಡಿ ಮನೆಯ ಹೊರಗೋಡೆಗೆ ತೂಗುಹಾಕಿದ್ದರು. ಅವುಗಳಲ್ಲಿ 233 ಈಗ ಈ ಸಂಗ್ರಹಾಲಯದಲ್ಲಿವೆ. ಯಾವ ಮುಖಕ್ಕೂ ಗದ್ದುಗೆಯಿಲ್ಲ, ಯಾವುದೂ ಇನ್ನೊಂದಕ್ಕಿಂತ ಎತ್ತರದ ಪೀಠದಲ್ಲಿಲ್ಲ. ಹೆಸರುಗಳನ್ನು ಆರಿಸಿ ಕೊರೆದ ಚಿನ್ನದ ಮೊಳೆಯನ್ನೂ ಮನೆಗೆ ಬಂದವರ ಮುಖಗಳನ್ನು ಪಕ್ಕಪಕ್ಕದಲ್ಲೇ ಇಟ್ಟ ಈ ಗೋಡೆಯನ್ನೂ ಒಂದೇ ದಿನ ನೋಡುವುದು ಈ ಭೇಟಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳ ಸಂಗತಿ.

ಪಕ್ಕದ ಆಂಡರ್ಸನ್ ಸಂಗ್ರಹ ಬೇರೆಯೇ ಕಟ್ಟಡ. 2014ರಲ್ಲಿ ತೆರೆದ ಅಲ್ಲಿ ಜ್ಯಾಕ್ಸನ್ ಪೊಲಾಕ್ ಮೊದಲಾದವರ ಆಧುನಿಕ ಅಮೆರಿಕನ್ ಚಿತ್ರಗಳಿವೆ. ಅದಕ್ಕೆ ಇನ್ನೊಂದು ದಿನವನ್ನೇ ಇಟ್ಟುಕೊಳ್ಳುವುದು ಮೇಲು.

ಬಿದ್ದ ಕಲ್ಲುಗಳ ಸಾಲು

ಸಂಗ್ರಹಾಲಯದಿಂದ ಹೊರಬಂದು ಕಟ್ಟಡದ ಈಶಾನ್ಯ ಬದಿಗೆ ಹೋದರೆ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಹಾವಿನಂತೆ ಹರಿದಾಡುವ ಕಲ್ಲಿನ ಗೋಡೆಯೊಂದು ಕಾಣುತ್ತದೆ. ಬ್ರಿಟನ್ನಿನ ಶಿಲ್ಪಿ ಆಂಡಿ ಗೋಲ್ಡ್ಸ್‌ವರ್ದಿ 2001ರಲ್ಲಿ ಕಟ್ಟಿಸಿದ ಇದರ ಉದ್ದ 320 ಅಡಿ, ತೂಕ 128 ಟನ್. ಗಾರೆ ಬಳಸದೆ ಪೇರಿಸಿದ ಈ ಮರಳುಗಲ್ಲುಗಳು 1906 ಮತ್ತು 1989ರ ಭೂಕಂಪಗಳಲ್ಲಿ ಉರುಳಿದ ವಿಶ್ವವಿದ್ಯಾಲಯದ ಕಟ್ಟಡಗಳವೇ. ಸಂಗ್ರಹಾಲಯದ ಕಥೆಯನ್ನು ತಿಳಿದ ಮೇಲೆ ಇಲ್ಲಿಗೆ ಬನ್ನಿ ಎಂದು ಹೇಳುವುದು ಈ ಕಾರಣಕ್ಕೆ. ತಿಳಿಯದೆ ಬಂದವರಿಗೆ ಇದು ಸೊಗಸಾದ ಗೋಡೆ ಮಾತ್ರ. ಮೇಲೆ ಹತ್ತಬೇಡಿ, ಮಕ್ಕಳನ್ನೂ ಹತ್ತಿಸಬೇಡಿ. ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ತಿರುವುಗಳ ನೆರಳು ಚೆನ್ನಾಗಿ ಕಾಣುತ್ತದೆ.

ನರಕದ ಬಾಗಿಲ ಮುಂದೆ

ಸಂಗ್ರಹಾಲಯಕ್ಕೆ ಹೊಂದಿಕೊಂಡೇ ಇರುವ ರೊಡಾನ್ ಶಿಲ್ಪೋದ್ಯಾನ 1985ರಲ್ಲಿ ತೆರೆಯಿತು. ದಾನಿ ಬಿ. ಜೆರಾಲ್ಡ್ ಕ್ಯಾಂಟರ್ ಮತ್ತು ಇಲ್ಲಿ ಕಲೆಯ ಇತಿಹಾಸ ಕಲಿಸುತ್ತಿದ್ದ ರೊಡಾನ್ ವಿದ್ವಾಂಸ ಆಲ್ಬರ್ಟ್ ಎಲ್ಸನ್, ಇಬ್ಬರ ದೀರ್ಘ ಕಾಲದ ಒಡನಾಟದ ಫಲ ಇದು. ಗೇಟು, ಟಿಕೆಟ್ಟು, ಗಾಜಿನ ಪೆಟ್ಟಿಗೆ ಇಲ್ಲದ ಈ ಅಂಗಳದಲ್ಲಿ ಇಪ್ಪತ್ತು ಕಂಚಿನ ಶಿಲ್ಪಗಳು ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿವೆ. ರಾತ್ರಿ ದೀಪವಿರುತ್ತದೆ.

ಇವುಗಳಲ್ಲಿ ದೊಡ್ಡದು 'ನರಕದ ಬಾಗಿಲು'. ಪ್ಯಾರಿಸ್ಸಿನಲ್ಲಿ ಕಟ್ಟಲು ಉದ್ದೇಶಿಸಿದ್ದ ಅಲಂಕಾರ ಕಲೆಗಳ ಸಂಗ್ರಹಾಲಯಕ್ಕೆ ಬಾಗಿಲು ಮಾಡಿಕೊಡಬೇಕೆಂದು 1880ರಲ್ಲಿ ರೊಡಾನನಿಗೆ ಕೆಲಸ ಒಪ್ಪಿಸಲಾಯಿತು. ಇಟಲಿಯ ಕವಿ ಡಾಂಟೆ ವರ್ಣಿಸಿದ ನರಕವನ್ನು ಅವನು ವಸ್ತುವಾಗಿ ಆರಿಸಿಕೊಂಡ. ಆ ಸಂಗ್ರಹಾಲಯ ಅಂದುಕೊಂಡಂತೆ ಕಟ್ಟಲ್ಪಡಲಿಲ್ಲ, ಆದರೆ ರೊಡಾನ್ ಬಾಗಿಲನ್ನು ಬಿಡಲಿಲ್ಲ. 1917ರಲ್ಲಿ ಸಾಯುವ ತನಕವೂ ಅದು ಅವನ ಕೈಯಲ್ಲೇ ಇತ್ತು, ಕಂಚಿನಲ್ಲಿ ಅದು ಮೂಡಿದ್ದನ್ನು ಅವನು ಕಾಣಲಿಲ್ಲ. ಲೋಕವೆಲ್ಲ ಬಲ್ಲ 'ಚಿಂತಕ' ಮೊದಲು ರೂಪುಗೊಂಡಿದ್ದು ಈ ಬಾಗಿಲಿನ ನೆತ್ತಿಯ ಮೇಲೆ ಕುಳಿತು ಕೆಳಗಿನ ಯಾತನೆಯನ್ನು ನೋಡುವ ಸಣ್ಣ ಪ್ರತಿಮೆಯಾಗಿ. ಹಿಗ್ಗಿಸಿದ 'ಚಿಂತಕ'ನ ಎರಕವೊಂದು ಈ ಸಂಗ್ರಹಾಲಯದ ಸಂಗ್ರಹದಲ್ಲೇ ಇದೆ.

ಇದನ್ನು ನೋಡುವ ಕ್ರಮ ಹೀಗಿರಲಿ. ಮೊದಲು ಇಡೀ ಬಾಗಿಲು ಕಣ್ಣಿಗೆ ದಕ್ಕುವಷ್ಟು ಹಿಂದೆ ಸರಿದು ನಿಲ್ಲಿ. ಇಕ್ಕೆಲದಲ್ಲಿ ಆದಮ್ ಮತ್ತು ಈವ್ ಬೇರೆ ಬೇರೆ ಪ್ರತಿಮೆಗಳಾಗಿ ನಿಂತಿದ್ದಾರೆ. ಅವರನ್ನು ಹಾಗೆ ಬಾಗಿಲಿನ ಎರಡು ಬದಿಗೆ ನಿಲ್ಲಿಸಬೇಕೆಂಬುದು ರೊಡಾನನ ಇಚ್ಛೆಯಾಗಿತ್ತು. ಆಮೇಲೆ ತುದಿಯ ಮೂರು ನೆರಳುರೂಪಗಳನ್ನು ನೋಡಿ. ಮೂರು ಬೇರೆ ಬೇರೆ ಮೈಗಳೆಂದು ಮೊದಲು ಅನ್ನಿಸುತ್ತದೆ, ನಿಧಾನವಾಗಿ ನೋಡಿದರೆ ಒಂದೇ ಪ್ರತಿಮೆಯನ್ನು ಮೂರು ದಿಕ್ಕಿಗೆ ತಿರುಗಿಸಿ ಇಟ್ಟಿರುವುದು ತಿಳಿಯುತ್ತದೆ. ನಂತರ ಹತ್ತಿರ ಬಂದು, ನಿಮ್ಮ ಕಣ್ಣಿನ ಮಟ್ಟಕ್ಕೆ ಸಿಗುವ ಒಂದು ಚದರಡಿಯಷ್ಟು ಜಾಗವನ್ನು ಆರಿಸಿಕೊಂಡು ಅದನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯಿರಿ. ಚಿತ್ರ ಬರೆಯಲು ಬಾರದು ಎನ್ನುವವರೇ ಇದನ್ನು ಮಾಡಬೇಕು, ಏಕೆಂದರೆ ಉದ್ದೇಶ ಚಿತ್ರವಲ್ಲ. ಒಂದು ಬೆರಳು ಎಲ್ಲಿ ಮುಗಿದು ಇನ್ನೊಬ್ಬರ ಭುಜ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವವನಿಗೆ ಗೊತ್ತಾಗುವಷ್ಟು ಸುಮ್ಮನೆ ನೋಡುವವನಿಗೆ ಗೊತ್ತಾಗುವುದಿಲ್ಲ. ಬಾಗಿಲಿನಲ್ಲಿ ಸುಮಾರು ಇನ್ನೂರು ಆಕೃತಿಗಳಿವೆ. ಒಂದೆರಡನ್ನು ಬಲ್ಲವರಾದರೂ ಸಾಕು.

ಕಂಚನ್ನು ಮುಟ್ಟಬೇಡಿ. ಹೊರಗಿಟ್ಟಿರುವ ಶಿಲ್ಪ ಗಟ್ಟಿ ಎಂಬ ಭಾವನೆಯಿಂದ ಜನ ಕೈಯಾಡಿಸುತ್ತಾರೆ, ಆದರೆ ಬೆರಳಿನ ಎಣ್ಣೆ ಬೆವರು ಲೋಹದ ಮೇಲ್ಪದರವನ್ನು ಕ್ರಮೇಣ ಕೆಡಿಸುತ್ತವೆ.

ರೊಡಾನ್ ಸತ್ತು ಅರವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಎರಕವಾದ ಕಂಚು ಅವನದೇ ಕೃತಿ ಹೇಗಾಗುತ್ತದೆ? ಈ ಪ್ರಶ್ನೆ ವಿದ್ಯಾರ್ಥಿಗಳಿಗೆ ಏಳಬೇಕು. 1916ರಲ್ಲಿ ರೊಡಾನ್ ತನ್ನ ಕೃತಿಗಳನ್ನೂ ಅವುಗಳಿಂದ ಎರಕ ತೆಗೆಯುವ ಹಕ್ಕನ್ನೂ ಫ್ರೆಂಚ್ ಸರ್ಕಾರಕ್ಕೆ ಕೊಟ್ಟ. ಫ್ರಾನ್ಸಿನ ನಿಯಮದಂತೆ ಒಂದು ಶಿಲ್ಪದ ಹನ್ನೆರಡು ಎರಕಗಳವರೆಗೆ ಮೂಲ ಕೃತಿಗಳೆಂದೇ ಪರಿಗಣಿಸುತ್ತಾರೆ. ಇಲ್ಲಿರುವುದು ನರಕದ ಬಾಗಿಲಿನ ಐದನೆಯ ಎರಕ. ಅದು 1981ರಲ್ಲಿ ಮುಗಿಯಿತು, ಮೇಣದ ವಿಧಾನದಲ್ಲಿ ಆದದ್ದು.

ಆ ವಿಧಾನವನ್ನು ನಮ್ಮ ನಾಡಿನವರಿಗೆ ಹೊರಗಿನದೆಂಬಂತೆ ವಿವರಿಸಬೇಕಾಗಿಲ್ಲ. ಪ್ರತಿಮೆಯನ್ನು ಮೊದಲು ಮೇಣದಲ್ಲಿ ರೂಪಿಸಿ, ಮೇಲೆ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ, ಮೇಣ ಕರಗಿ ಹೊರಗೆ ಹರಿದುಹೋದ ಟೊಳ್ಳಿನಲ್ಲಿ ಕರಗಿದ ಲೋಹವನ್ನು ಹೊಯ್ಯುವ ಕ್ರಮವನ್ನು, ಮೇಣದ ತೂಕಕ್ಕೆ ಇಂತಿಷ್ಟು ಲೋಹ ಎಂಬ ಲೆಕ್ಕದ ಸಮೇತ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಬರೆದಿಟ್ಟಿದ್ದಾನೆ. ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ರೊಡಾನನ ಪ್ರತಿಮೆಗಳ ಮೇಲೆ ಬೆರಳೊತ್ತಿದ ಗುರುತು, ಉಪಕರಣದ ಗೀರು ಉಳಿದಿರುವುದನ್ನು ನೋಡುವಾಗ ಆ ವಿಧಾನದ ಶಕ್ತಿ ಅರ್ಥವಾಗುತ್ತದೆ: ಮೆತ್ತನೆಯ ವಸ್ತು ಪಡೆದ ಪ್ರತಿ ಒತ್ತೂ ಗಟ್ಟಿ ಲೋಹಕ್ಕೆ ಇಳಿಯುತ್ತದೆ. ನಮ್ಮ ದೇವಾಲಯಗಳ ಉತ್ಸವಮೂರ್ತಿಗಳನ್ನು ನೋಡಿ ಬೆಳೆದವರು ಇಲ್ಲಿ ಹೋಲಿಸಬೇಕಾದ್ದು ಇದನ್ನೇ. ನಮ್ಮ ಶಿಲ್ಪಿ ಮೇಣದ ಮೈಯನ್ನು ತೀಡಿ ತೀಡಿ ಕೈಯ ಗುರುತನ್ನು ಅಳಿಸುತ್ತಿದ್ದ. ರೊಡಾನ್ ಅದನ್ನು ಉಳಿಸಿದ. ಒಂದೇ ವಿಧಾನ ಎರಡು ತೀರ ಬೇರೆ ಬೇರೆ ಬಯಕೆಗಳಿಗೆ ಒದಗಿ ಬಂದಿದೆ.

ಚೌಕದಲ್ಲಿ ಆರು ಜನ

ಇಲ್ಲಿಂದ ವಿಶ್ವವಿದ್ಯಾಲಯದ ನಡುವಣ ಚೌಕಕ್ಕೆ ನಡೆಯಿರಿ. ಚೌಕದ ಪ್ರವೇಶದ ಅಂಗಳದಲ್ಲಿ ರೊಡಾನನ 'ಕ್ಯಾಲೇ ನಗರದ ನಾಗರಿಕರು' ನಿಂತಿದ್ದಾರೆ. 1347ರಲ್ಲಿ ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ಫ್ರಾನ್ಸಿನ ಕ್ಯಾಲೇ ನಗರವನ್ನು ತಿಂಗಳುಗಟ್ಟಲೆ ಮುತ್ತಿದ ಮೇಲೆ, ಆರು ಜನ ಪ್ರಮುಖರು ಬರಿಗಾಲಲ್ಲಿ, ಕೊರಳಿಗೆ ಹಗ್ಗ ಹಾಕಿಕೊಂಡು, ಕೋಟೆಯ ಬೀಗದ ಕೈ ಹಿಡಿದು ಬಂದರೆ ಉಳಿದವರನ್ನು ಬಿಡುತ್ತೇನೆಂದ. ಆರು ಜನ ಹೊರಟರು. ರಾಣಿಯ ಮೊರೆಯಿಂದ ಅವರ ಜೀವ ಉಳಿಯಿತು ಎನ್ನುತ್ತದೆ ಚರಿತ್ರೆ, ಆದರೆ ರೊಡಾನ್ ತೋರಿಸುವುದು ಉಳಿದ ಗಳಿಗೆಯನ್ನಲ್ಲ, ಸಾಯಲು ಹೊರಟ ಗಳಿಗೆಯನ್ನು.

ಸ್ಟ್ಯಾನ್‌ಫರ್ಡ್‌ನಲ್ಲಿ ಈ ಆರು ಜನ ಒಂದೇ ಪೀಠದ ಮೇಲಿಲ್ಲ. ನೆಲದ ಮಟ್ಟದಲ್ಲಿ ಬಿಡಿಬಿಡಿಯಾಗಿ ನಿಂತಿದ್ದಾರೆ, ಅವರ ನಡುವೆಯೇ ವಿದ್ಯಾರ್ಥಿಗಳು ತರಗತಿಗೆ ಹೋಗುತ್ತಾರೆ. ನೀವೂ ನಡುವೆ ನಡೆಯಿರಿ. ಮುಖಗಳನ್ನು ಬಿಟ್ಟು ಕೈಗಳನ್ನು ಮಾತ್ರ ನೋಡುತ್ತಾ ಒಂದು ಸುತ್ತು ಬನ್ನಿ: ಬೀಗದ ಕೈ ಹಿಡಿದ ಬಿಗಿ ಮುಷ್ಟಿ, ತಲೆಯನ್ನು ಹಿಡಿದುಕೊಂಡ ಎರಡು ಕೈ, ಹಿಂದಕ್ಕೆ ತಿರುಗಿದವನ ಎತ್ತಿದ ಕೈ. ಪಾದಗಳು ಮೈಗೆ ಹೋಲಿಸಿದರೆ ದೊಡ್ಡವು, ಹೆಜ್ಜೆ ಎತ್ತಲು ಆಗದಷ್ಟು ಭಾರವಾಗಿವೆ.

ಸೆಪಿಕ್ ನದಿಯ ಕೆತ್ತನೆಗಾರರು

ಕೊನೆಯ ತಾಣ ವಿದ್ಯಾರ್ಥಿನಿಲಯವೊಂದರ ಪಕ್ಕದಲ್ಲಿ, ಸಾಂಟಾ ತೆರೇಸಾ ಬೀದಿ ಮತ್ತು ಲೋಮಿಟಾ ರಸ್ತೆಗಳು ಕೂಡುವ ಕಡೆ ಇದೆ. 1994ರಲ್ಲಿ ಪಪುವಾ ನ್ಯೂಗಿನಿಯ ಸೆಪಿಕ್ ನದಿ ಪ್ರದೇಶದಿಂದ, ಕ್ವೋಮಾ ಮತ್ತು ಯಾಟ್ಮುಲ್ ಸಮುದಾಯಗಳ ಹತ್ತು ಜನ ಕೆತ್ತನೆಗಾರರು ಇಲ್ಲಿಗೆ ಬಂದು ಕೆಲವು ತಿಂಗಳ ಕಾಲ ಇದ್ದು, ಮರ ಮತ್ತು ಕಲ್ಲಿನಲ್ಲಿ ಸುಮಾರು ನಲವತ್ತು ಕೃತಿಗಳನ್ನು ಕೆತ್ತಿದರು. ಇದನ್ನು ಕೈಗೊಂಡಿದ್ದು ಇಲ್ಲಿನ ಮಾನವಶಾಸ್ತ್ರದ ವಿದ್ಯಾರ್ಥಿಯೊಬ್ಬರ ಆಸಕ್ತಿಯಿಂದ.

ಎತ್ತರದ ಮರದ ಕಂಬಗಳಲ್ಲಿ ಮೊಸಳೆ, ಹಕ್ಕಿ, ಪೂರ್ವಿಕರ ಮುಖಗಳು ಒಂದರ ಮೇಲೊಂದು ಏರಿವೆ. ಯಾಟ್ಮುಲ್ ಜನರಿಗೆ ಮೊಸಳೆ ಪೂರ್ವಿಕ, ಅಲಂಕಾರವಲ್ಲ. ಇದನ್ನು ತಿಳಿದು ನೋಡಿ. ಈ ಕೆತ್ತನೆಗಾರರು ಹತ್ತಿರದ ರೊಡಾನ್ ಕೃತಿಗಳನ್ನೂ ನೋಡಿದ್ದರು, ಅವರಲ್ಲೊಬ್ಬರು 'ಚಿಂತಕ'ನಿಗೆ ತಮ್ಮ ನಾಡಿನ ರೂಪ ಕೊಟ್ಟು ಕೆತ್ತಿದ್ದಾರೆ. ಅದನ್ನು ಹುಡುಕಿ. ಸಂಗ್ರಹಾಲಯಗಳಲ್ಲಿ ಇಂತಹ ನಾಡುಗಳ ವಸ್ತುಗಳು ಬಹುಪಾಲು ಮಾಡಿದವರ ಹೆಸರಿಲ್ಲದೆ, ಜನಾಂಗದ ಹೆಸರಿನೊಡನೆ ಮಾತ್ರ ಇರುತ್ತವೆ. ಇಲ್ಲಿ ಮಾಡಿದವರು ತಾವೇ ಬಂದು, ಯಾವ ಶಿಲ್ಪ ಎಲ್ಲಿ ನಿಲ್ಲಬೇಕೆಂಬುದರಲ್ಲಿಯೂ ಕೈಯಿಟ್ಟು, ಇನ್ನೊಬ್ಬ ಕಲಾವಿದನಿಗೆ ಉತ್ತರವನ್ನೂ ಕೆತ್ತಿ ಹೋಗಿದ್ದಾರೆ. ಚಿನ್ನದ ಮೊಳೆಯ ಮುಂದೆ ಎದ್ದ ಹೆಸರಿನ ಪ್ರಶ್ನೆಗೆ ಈ ಆವರಣದಲ್ಲಿ ಸಿಗುವ ಅತ್ಯಂತ ಘನವಾದ ಪ್ರತಿಕ್ರಿಯೆ ಇದೇ ಎಂದು ನಾನು ತಿಳಿದಿದ್ದೇನೆ. ಆದರೂ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರುವವರು ವಿರಳ.

ಅನುಭವ ಬರೆಯುವುದು

ಅದೇ ದಿನ, ಸಾಧ್ಯವಾದರೆ ವಾಪಸು ಹೋಗುವ ರೈಲಿನಲ್ಲೇ ಬರೆಯಲು ಶುರುಮಾಡಿ. ನೋಡಿದ್ದನ್ನೆಲ್ಲ ಗಂಟೆಯ ಕ್ರಮದಲ್ಲಿ ಒಪ್ಪಿಸುವುದು ಬೇಡ. ಒಂದು ವಸ್ತುವನ್ನು ಆರಿಸಿ. ಮೊದಲ ಪ್ಯಾರಾದಲ್ಲಿ ಕಣ್ಣಿಗೆ ಕಂಡಿದ್ದನ್ನು ಮಾತ್ರ ಬರೆಯಿರಿ: ಅಳತೆ, ಬಣ್ಣ, ಬೆಳಕು ಎಲ್ಲಿಂದ ಬೀಳುತ್ತಿತ್ತು, ಅದರ ಪಕ್ಕದಲ್ಲಿ ಏನಿತ್ತು. 'ಅದ್ಭುತ', 'ಮನಮೋಹಕ' ಎಂಬ ಮಾತುಗಳನ್ನು ಹೊಡೆದುಹಾಕಿ, ಆ ಜಾಗದಲ್ಲಿ ನಿಮ್ಮನ್ನು ನಿಲ್ಲಿಸಿದ ವಿವರವನ್ನು ಇಡಿ. ಎರಡನೆಯ ಪ್ಯಾರಾದಲ್ಲಿ ಆ ವಸ್ತು ಇಲ್ಲಿಗೆ ಬಂದ ಬಗೆಯನ್ನು ಹೇಳಿ: ಮಾಡಿದವರು ಯಾರು, ಹಣ ಯಾರದು, ಯಾರ ಹೆಸರು ಉಳಿದಿದೆ, ಯಾರದು ಇಲ್ಲ. ಇಲ್ಲಿ ಫಲಕದ ಮಾಹಿತಿಯನ್ನು ಬಳಸಿ, ಆದರೆ ಅದರ ವಾಕ್ಯಗಳನ್ನು ಎತ್ತಿಕೊಳ್ಳಬೇಡಿ. ನಿಮ್ಮ ಊರಿನ, ನಿಮ್ಮ ಮನೆಯ ಅನುಭವದೊಡನೆ ಅದು ಕೂಡುವ ಜಾಗ ನಿಜವಾಗಿ ಇದ್ದರೆ ಮಾತ್ರ ಮೂರನೆಯ ಪ್ಯಾರಾ ಬರೆಯಿರಿ. ಇಲ್ಲದಿದ್ದರೆ ಎರಡಕ್ಕೇ ನಿಲ್ಲಿಸುವುದು ಪ್ರಾಮಾಣಿಕವಾದ ಕ್ರಮ.

ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ ಎಂದು ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೂ ನಾನು ಹೇಳುತ್ತೇನೆ. ಅಕ್ಷರ ಬಾರದವರು ಅಜ್ಜ ಅಜ್ಜಿಗೆ ಬಾಯಲ್ಲಿ ಹೇಳಿ ಅವರಿಂದ ಬರೆಸಿಕೊಳ್ಳಬಹುದು. ಕತ್ತಾಳೆಯ ಬೇಲಿಯನ್ನೋ ಎರಕದ ಉತ್ಸವಮೂರ್ತಿಯನ್ನೋ ಕಂಡು ಬಲ್ಲ ಅವರು ಕೇಳುವ ಪ್ರಶ್ನೆಗಳು ಬರಹಕ್ಕೆ ನೇರವಾಗಿ ಒದಗುತ್ತವೆ. ಪುಟದ ತುದಿಯಲ್ಲಿ ಕೃತಿಯ ಹೆಸರು, ಕಲಾವಿದರ ಹೆಸರು, ವರ್ಷ, ಫಲಕದಲ್ಲಿ ಸಣ್ಣ ಅಕ್ಷರದಲ್ಲಿರುವ ಸಂಗ್ರಹ ಸಂಖ್ಯೆ ಮತ್ತು ನೀವು ಹೋದ ದಿನಾಂಕ ಇರಲಿ. ಪ್ರದರ್ಶನ ಬದಲಾಗಿ ವಸ್ತು ಉಗ್ರಾಣ ಸೇರಿದ ಮೇಲೂ ಆ ಸಂಖ್ಯೆಯಿಂದ ಅದನ್ನು ಸಂಗ್ರಹಾಲಯದ ಜಾಲತಾಣದಲ್ಲಿ ಹುಡುಕಬಹುದು, ಬರೆದದ್ದನ್ನು ತಿದ್ದಲೂಬಹುದು.